ಹೊರಟಿದ್ದು ಬೇರೆ, ಮುಟ್ಟಿದ್ದು ಬೇರೆ

ಕೇಳುಗರಿಗೆಲ್ಲ ನಮಸ್ಕಾರ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಮುದ್ದಾಂ ಟಪಾಲಿನ ಪುಸ್ತಕ ಚೆನ್ನಾಗಿ ಗೊತ್ತು. ಜವಾನರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಹೋಗುತ್ತಿದ್ದರು. ಪತ್ರ ಕೊಟ್ಟರೆ ತಗೊಂಡವರ ಸಹಿ, ತಾರೀಖು ಬೀಳಲೇಬೇಕು. ಸಹಿ ಇಲ್ಲದೆ ವಾಪಸ್ ಬಂದರೆ ಬೈಗುಳ ಖಾತ್ರಿ. ಯಾಕೆ ಹೇಳಿ? ಪತ್ರ ಹೊರಟಿದ್ದು ಬೇರೆ, ಮುಟ್ಟಿದ್ದು ಬೇರೆ.

ಈಗ ಆ ಓಡಾಟವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದೆ. ರಜೆ ಮಂಜೂರಾದರೆ ಮೆಸೇಜ್, ಪಾಳಿ ಬದಲಾದರೆ ಮೆಸೇಜ್, ಸಂಬಳ ಜಮಾ ಆದರೆ ಮೆಸೇಜ್. ಯಾರೂ ಕೈ ಹಾಕದೆ ತಾನಾಗೇ ಹೋಗುತ್ತದೆ. ಒಳ್ಳೆಯದೇ. ಆದರೆ ಆ ಸಹಿಯ ಪುಸ್ತಕ ಎಲ್ಲಿ ಹೋಯಿತು?

ಆ ಪುಸ್ತಕಕ್ಕೇ ಈಗ ಆಡಿಟ್ ಟ್ರೇಲ್ ಅನ್ನುತ್ತೇವೆ. ಹೆಸರು ಕೇಳಿ ಗಾಬರಿಯಾಗಬೇಡಿ. ಯಾವ ಮೆಸೇಜ್, ಯಾಕೆ ಹೊರಟಿತು, ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಕೊನೆಗೆ ಮುಟ್ಟಿತೋ ಇಲ್ಲವೋ. ಇಷ್ಟನ್ನು ಬರೆದಿಟ್ಟು, ಆಮೇಲೆ ಯಾರೂ ತಿದ್ದಲಾಗದಂತೆ ಕಾಪಾಡುವ ದಾಖಲೆ. ಅಷ್ಟೇ.

ನಡೆದದ್ದೊಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯವರು ನನ್ನನ್ನು ಕರೆಸಿದ್ದರು. ಒಂದು ದಿನ ಸಂಜೆ, ಮಾರನೇ ದಿನ ಬೆಳಿಗ್ಗೆ ಎಂಟೂವರೆ ಬದಲು ಏಳಕ್ಕೇ ಕೆಲಸ ಶುರು ಅಂತ ತೀರ್ಮಾನವಾಯಿತು. ಸಾಫ್ಟ್‌ವೇರ್ ಎಲ್ಲರಿಗೂ ಎಸ್‌ಎಂಎಸ್ ಕಳಿಸಿತು. ಕಂಪನಿ ಬಸ್ಸಿನವರಿಗೆ ಡ್ರೈವರೇ ಫೋನ್ ಮಾಡಿ ಹೇಳಿದ್ದ, ಅವರು ಬಂದರು. ಸರ್ಕಾರಿ ಬಸ್ಸಲ್ಲಿ ಬರುವ 23 ಹೆಣ್ಣುಮಕ್ಕಳು ಎಂದಿನಂತೆ ಎಂಟೂವರೆಗೇ ಬಂದರು. ಗೇಟಿನಲ್ಲೇ ತಡೆದರು. ಅರ್ಧ ದಿನದ ಕೂಲಿ ಕಟ್.

ನಾನು ಹೋದಾಗ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟರು. ಪ್ರತಿ ಹೆಸರಿನ ಮುಂದೆ ಹಸಿರು ಟಿಕ್ ಗುರುತು, ಪಕ್ಕದಲ್ಲಿ 13:30. "ನೋಡಿ ಮೇಡಂ, ಮಧ್ಯಾಹ್ನ ಒಂದೂವರೆಗೇ ಕಳಿಸಿದ್ದೇವೆ. ಇವರು ಫೋನ್ ನೋಡಲ್ಲ ಅಂದರೆ ನಾವೇನು ಮಾಡೋದು?" ಅಂದರು. ತೀರ್ಮಾನ ಆಗಿದ್ದೇ ಸಂಜೆ, ಮೆಸೇಜ್ ಮಧ್ಯಾಹ್ನ ಹೋಗುವುದು ಹೇಗೆ? ಆ ಸಾಫ್ಟ್‌ವೇರ್ ಓಡುತ್ತಿದ್ದ ದೊಡ್ಡ ಕಂಪ್ಯೂಟರ್, ಅಂದರೆ ಸರ್ವರ್, ಅದರ ಗಡಿಯಾರ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಇರುವ ಅಂತಾರಾಷ್ಟ್ರೀಯ ಸಮಯದಲ್ಲಿತ್ತು. ಹದಿಮೂರೂವರೆಗೆ ಐದೂವರೆ ಕೂಡಿಸಿ. ಸಂಜೆ ಏಳು ಗಂಟೆ.

ಹೊರಗೆ ಬಂದರೆ ಆ 23 ಜನರಲ್ಲಿ ಒಬ್ಬರು ಕಾಯುತ್ತಾ ನಿಂತಿದ್ದರು. ಹಳೇ ಬಟನ್ ಫೋನು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದರು. ಬಿಚ್ಚಿ ನನ್ನ ಕೈಗೆ ಕೊಟ್ಟರು. ಆ ದಿನ ಬಂದಿದ್ದು ಒಂದೇ ಮೆಸೇಜ್, ರೀಚಾರ್ಜ್ ಮುಗಿಯುತ್ತಿದೆ ಅಂತ. "ಓದಿಲ್ಲ ಅಂತಾರೆ ಅಕ್ಕ. ಬಂದರೆ ತಾನೇ ಓದೋದು?" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಸ್‌ಎಂಎಸ್ ಕಳಿಸುವ ಏಜೆನ್ಸಿಯಿಂದ ಅವರ ಕಡೆಯ ಪಟ್ಟಿ ತರಿಸಿದೆವು. ಎಲ್ಲ ಮೆಸೇಜೂ ತಿರಸ್ಕೃತ! ನಮ್ಮ ದೇಶದಲ್ಲಿ ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ನ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಟೆಲಿಕಾಂ ಕಂಪನಿಗಳು ಹೋಲಿಸಿ ನೋಡುತ್ತವೆ, ಹೊಂದದಿದ್ದರೆ ತಡೆಯುತ್ತವೆ. 2021ರ ಮಾರ್ಚ್ 8ರಂದು ಈ ಜರಡಿ ಬಿಗಿಯಾದಾಗ ದೇಶದಾದ್ಯಂತ ಒಟಿಪಿಗಳೇ ಬರದೆ ಜನ ಪರದಾಡಿದರು. ಮಾರನೇ ದಿನ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್ ಅದನ್ನು ಒಂದು ವಾರದ ಮಟ್ಟಿಗೆ ನಿಲ್ಲಿಸಿತು. ನೆನಪಿದೆ ಅಲ್ವಾ? ಈ ಕಾರ್ಖಾನೆಯಲ್ಲಿ ಯಾರೋ ಒಕ್ಕಣೆಯಲ್ಲಿದ್ದ "ಪಾಳಿ" ಅನ್ನೋ ಪದ ತೆಗೆದು "ಶಿಫ್ಟ್" ಅಂತ ಹಾಕಿದ್ದರು. ಒಂದೇ ಒಂದು ಪದ. 23 ಜನರ ಕೂಲಿ ಹೋಯಿತು.

ಹಾಗಾದರೆ ಹಸಿರು ಟಿಕ್ ಎಲ್ಲಿಂದ ಬಂತು? ಏಜೆನ್ಸಿಯ ಕೈಗೆ ಮೆಸೇಜ್ ಇಟ್ಟ ಕೂಡಲೇ ಸಾಫ್ಟ್‌ವೇರ್ "ಕಳಿಸಿದೆ" ಅಂತ ಬರೆದುಕೊಂಡಿತು. ಆಮೇಲೆ ತಿರಸ್ಕಾರದ ಉತ್ತರ ಬಂತು. ಆ ಉತ್ತರವನ್ನು ಇಟ್ಟುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ, ಬಿಸಾಕಿತು. ಜವಾನರು ಗೇಟು ದಾಟಿದ ತಕ್ಷಣ ತಾವೇ ಸಹಿ ಹಾಕಿಕೊಂಡ ಹಾಗೆ. ಪದ ಬದಲಿಸಿದ್ದು ಯಾರು ಅಂತಲೂ ಗೊತ್ತಾಗಲಿಲ್ಲ. ನಾಲ್ಕು ಜನ "ಅಡ್ಮಿನ್" ಅನ್ನೋ ಒಂದೇ ಲಾಗಿನ್ ಬಳಸುತ್ತಿದ್ದರು. ಕಂಪ್ಯೂಟರ್ ಆಪರೇಟರ್ ಹುಡುಗನನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಅವನೇ ಮಾಡಿದ್ದು ಅನ್ನುವುದಕ್ಕೆ ಸಾಕ್ಷಿ ಏನಿದೆ ಅಂತ ಕೇಳಿದೆ. ಇರಲಿಲ್ಲ. ಕೂಲಿ ವಾಪಸ್ ಸಿಕ್ಕಿತು, ಹುಡುಗನ ಕೆಲಸವೂ ಉಳಿಯಿತು.

ಈ ಕಥೆಗೇ ಹೊತ್ತು ಜಾಸ್ತಿ ಹೋಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಇಮೇಲ್‌ನಲ್ಲೂ ಇದೇ ಕಥೆ. ಎದುರಿನ ಸರ್ವರ್ 250 ಅನ್ನೋ ಉತ್ತರ ಕೊಟ್ಟರೆ "ತಗೊಂಡೆ" ಅಂತ ಮಾತ್ರ ಅರ್ಥ. ಅದು ಆಮೇಲೆ ಸ್ಪ್ಯಾಮ್‌ಗೆ ಬೀಳಬಹುದು, ಬೌನ್ಸ್ ಆಗಿ ಹಿಂದಕ್ಕೂ ಬರಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಕೂಡ ಕಳಿಸಿದ ಹೊತ್ತು ಬೇರೆ, ಮುಟ್ಟಿದ ಹೊತ್ತು ಬೇರೆ ಅಂತಲೇ ನೋಡುತ್ತದೆ. ಕಾನೂನಿಗೆ ಗೊತ್ತಿರುವ ವ್ಯತ್ಯಾಸ ನಮ್ಮ ಸಾಫ್ಟ್‌ವೇರ್‌ಗೂ ಗೊತ್ತಿರಬೇಕು.

ಇನ್ನು, ಒಬ್ಬೊಬ್ಬರಿಗೂ ಸ್ವಂತ ಲಾಗಿನ್ ಕೊಡಿ. ಹೋದ ಒಕ್ಕಣೆಯನ್ನು ಅಕ್ಷರಶಃ ಇಟ್ಟುಕೊಳ್ಳಿ, ಆದರೆ ಒಟಿಪಿ, ಪಾಸ್‌ವರ್ಡ್ ದಾಖಲೆಯಲ್ಲಿ ಉಳಿಯಬಾರದು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ಲೆಕ್ಕಕ್ಕೆ ಇಷ್ಟು ಜೋಪಾನ ಮಾಡುತ್ತೀರಿ, ಸರಿ. ಜನರ ಕೂಲಿ ನಿರ್ಧರಿಸುವ ಮೆಸೇಜಿಗೂ ಮಾಡಿ, ದಯವಿಟ್ಟು.

ನಿಮ್ಮಲ್ಲಿ ಹಾಜರಿ, ಸಂಬಳ ನೋಡಿಕೊಳ್ಳುವವರು ನಾಳೆ ಒಂದು ಕೆಲಸ ಮಾಡಿ. ಬೇರೆ ಯಾರ ನಂಬರೂ ಬೇಡ, ನಿಮ್ಮದೇ ಫೋನ್ ಸ್ವಿಚ್ ಆಫ್ ಮಾಡಿ ಪಕ್ಕಕ್ಕಿಡಿ. ಸಾಫ್ಟ್‌ವೇರ್‌ನಿಂದ ಆ ನಂಬರಿಗೆ ಒಂದು ಮೆಸೇಜ್ ಹಾಕಿ. ಹತ್ತು ನಿಮಿಷ ಬಿಟ್ಟು ಪರದೆ ನೋಡಿ. ಆಗಲೂ ಹಸಿರು ಟಿಕ್ ಇದ್ದರೆ, ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ ಆ ಟಿಕ್‌ನ ಅರ್ಥ ಏನು ಅಂತ ಕೇಳಿ. ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ನಮಸ್ಕಾರ.