ಬಾವಿ ತುಂಬುವ ತನಕ ಕಾಯದೆ

ಕೇಳುಗರಿಗೆ ನಮಸ್ಕಾರ.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದವರಿಗೆ ಬಾವಿಯ ಗುಣ ಹೇಳಿಕೊಡಬೇಕಾಗಿಲ್ಲ. ಕಪಿಲೆ ಹೊಡೆದು ಬಾವಿ ಬರಿದಾದರೆ ನಮ್ಮ ತಾತ ಎತ್ತು ಬಿಚ್ಚಿ ಹೊಂಗೆಯ ನೆರಳಿಗೆ ಹೋಗುತ್ತಿದ್ದರು. ನೀರು ಮೊದಲು ಬಿರುಸಾಗಿ ಊರುತ್ತದೆ, ಮೇಲೇರಿದಂತೆ ನಿಧಾನವಾಗುತ್ತದೆ. ಕೊನೆಯ ಮೊಳಕ್ಕೇ ಹೆಚ್ಚು ಹೊತ್ತು.

ಮೊನ್ನೆ ಸೋದರತ್ತೆಯವರನ್ನು ಎಂಆರ್‌ಐ ಸ್ಕ್ಯಾನ್‌ಗೆ ಕರೆದೊಯ್ದಾಗ ಆ ಬಾವಿ ನೆನಪಾಯಿತು. ಯಂತ್ರದ ಅಯಸ್ಕಾಂತ ಮೈಯ ನೀರಿನಲ್ಲಿರುವ ಹೈಡ್ರೋಜನ್ ಬೀಜಕಣಗಳಿಗೆ ಒಂದು ದಿಕ್ಕು ಕೊಡುತ್ತದೆ. ರೇಡಿಯೊ ತರಂಗ ಅದನ್ನು ಕೆಡಿಸುತ್ತದೆ. ಕೆಟ್ಟದ್ದು ನೂರರಲ್ಲಿ ಸುಮಾರು 63 ಪಾಲು ಸರಿಹೋಗಲು ಹಿಡಿಯುವ ಕಾಲಕ್ಕೆ ಟಿ1 ಎಂದು ಹೆಸರು. ಸಾಮಾನ್ಯ ಯಂತ್ರದಲ್ಲಿ ಮಿದುಳಿನ ಬೂದು ಭಾಗಕ್ಕೆ ಅದು ಒಂದು ಸೆಕೆಂಡಿನ ಆಸುಪಾಸು, ಮಿದುಳಿನ ಸುತ್ತಲ ದ್ರವಕ್ಕೆ ಸುಮಾರು ನಾಲ್ಕು. ಇಲಿಗಳ ಗಡ್ಡೆಗಳಲ್ಲಿ ಈ ಕಾಲ ಹೆಚ್ಚೆಂದು 1971ರಲ್ಲಿ ರೇಮಂಡ್ ಡಮಾಡಿಯನ್ ತೋರಿಸಿದ ಮೇಲೆ ವೈದ್ಯರ ಕುತೂಹಲ ಕೆರಳಿತು.

ಆದರೆ ಅಳೆಯುವುದು ಹೇಗೆ? ಹಳೆಯ ಕ್ರಮದಲ್ಲಿ ಒಮ್ಮೆ ಕದಡಿ, ಒಂದೇ ಅಳತೆ ತೆಗೆದು, ಪೂರ್ತಿ ತುಂಬುವವರೆಗೆ ಕಾದು, ಮತ್ತೆ ಕದಡಬೇಕು. 128 ಸಾಲಿನ ಒಂದು ಚಿತ್ರಕ್ಕೆ ಸಾಲಿಗೆ ಹತ್ತರಂತೆ ಅಳತೆ, ಪ್ರತಿ ಸಲ ಐದು ಸೆಕೆಂಡ್ ಎನ್ನಿ: 6,400 ಸೆಕೆಂಡ್, ಹತ್ತಿರಹತ್ತಿರ ಒಂದೂಮುಕ್ಕಾಲು ಗಂಟೆ. ಅತ್ತೆಗೆ ಹತ್ತು ನಿಮಿಷವೂ ಕೆಮ್ಮದೆ ಮಲಗಲಾಗಲಿಲ್ಲ.

1970ರಲ್ಲಿ ಲುಕ್ ಮತ್ತು ಲಾಕರ್ ಎಂಬಿಬ್ಬರು ಈ ಕಾಯುವಿಕೆಗೇ ಕೈಹಾಕಿದರು. ಬಾವಿ ಊರುತ್ತಿರುವಾಗಲೇ ಆಗಾಗ ಒಂದೊಂದು ಚೊಂಬು ಸೇದಿ ಮಟ್ಟ ನೋಡುವ ಉಪಾಯ ಅದು. ಸೇದಿದ ನೀರೂ ಮಟ್ಟವನ್ನು ತಗ್ಗಿಸುತ್ತದಲ್ಲ, ಅದನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ಇದೇ ಬೇರಿನಿಂದ 2004ರಲ್ಲಿ ಹೃದಯಕ್ಕೆ ಒಂದು ವಿಧಾನ ಬಂತು. ಒಮ್ಮೆ ಉಸಿರು ಬಿಗಿಹಿಡಿದರೆ, ಹದಿನೇಳು ಬಡಿತಗಳಲ್ಲಿ ಅಳತೆ ಮುಗಿಯುತ್ತದೆ.

2013ರ 'ಬೆರಳಚ್ಚು' ವಿಧಾನ ಇನ್ನೂ ತುಂಟತನದ್ದು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು ಕದಡುವ ಬಲವನ್ನೂ ಸಮಯವನ್ನೂ ಬೇಕೆಂದೇ ಏರುಪೇರು ಮಾಡಿದರು. ಒಂದೊಂದು ಅಂಗಾಂಶವೂ ತನ್ನದೇ ರೀತಿಯಲ್ಲಿ ತೊನೆಯುತ್ತದೆ; ಮೊದಲೇ ಲೆಕ್ಕಹಾಕಿಟ್ಟ ಸಾವಿರಾರು ಮಾದರಿಗಳಲ್ಲಿ ಅದಕ್ಕೆ ಹೊಂದುವುದನ್ನು ಕಂಪ್ಯೂಟರ್ ಹುಡುಕುತ್ತದೆ. ಟಿ1 ಜೊತೆಗೆ, ಸಂಕೇತ ಅಳಿಯುವ ಕಾಲವಾದ ಟಿ2 ಕೂಡ ಒಟ್ಟಿಗೇ ಸಿಗುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಇದೇ.

ಅವಸರಕ್ಕೆ ಬೆಲೆಯೂ ಇದೆ. ಹೃದಯದ ಆ ವಿಧಾನ ಟಿ1 ಅನ್ನು ತುಸು ಕಡಿಮೆ ತೋರಿಸುತ್ತದೆ; ಹೀಗಾಗಿ ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ಅತ್ತೆಯ ವರದಿಯಲ್ಲಿ ಅಂಥ ಅಂಕಿ ಒಂದೂ ಇರಲಿಲ್ಲ. ಕಪ್ಪು, ಬೂದು, ಬಿಳಿ ಚಿತ್ರಗಳಷ್ಟೇ ಇದ್ದವು.