ಬೆಟಾಮ್ಯಾಕ್ಸ್ ತಿನ್ನುವ ಊರಿನ ಗೋಡೆಚಿತ್ರ

ಎಲ್ಲರಿಗೂ ನಮಸ್ಕಾರ.

ಮೊದಲು ಈ ಹಾಳೆ ನೋಡಿ. ಮೂರು ಕಪ್ಪು ಚೌಕ, ಅವುಗಳ ನಡುವೆ ಹಾದುಹೋದ ಒಂದು ತೆಳು ಗೆರೆ. ಏನಿದು? ಹಿಂದಿನ ಸಾಲಲ್ಲಿ ಯಾರೋ ‘ರೈಲು’ ಅಂದರು. ಇರಲಿ. ಇದೇ ಹಾಳೆಯನ್ನು ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದ ನನ್ನ ಗೆಳೆಯರಿಗೆ ತೋರಿಸಿದಾಗ ‘ಬೆಟಾಮ್ಯಾಕ್ಸ್’ ಅಂತ ನಕ್ಕರು.

ಬೆಟಾಮ್ಯಾಕ್ಸ್ ಅಂದರೆ 1975ರಲ್ಲಿ ಸೋನಿ ಕಂಪನಿ ತಂದ ವಿಡಿಯೊ ಕ್ಯಾಸೆಟ್. ಫಿಲಿಪ್ಪೀನ್ಸ್ ಬೀದಿಗಳಲ್ಲಿ ಅದು ಒಂದು ತಿಂಡಿಯ ಹೆಸರು. ಕೋಳಿ ಅಥವಾ ಹಂದಿಯ ರಕ್ತವನ್ನು ಹೆಪ್ಪುಗಟ್ಟಿಸಿ, ತುಂಡು ಮಾಡಿ, ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಆಮೇಲೆ ಅದು ಕಪ್ಪು ಕ್ಯಾಸೆಟ್ಟಿನ ಹಾಗೇ ಕಾಣುತ್ತದೆ. ಮೂಗು ಮುರಿಯಬೇಡಿ, ನಮ್ಮಲ್ಲೂ ಕುರಿ ರಕ್ತ ಹುರಿದು ತಿನ್ನುವ ಮನೆಗಳಿವೆ. ಅಲ್ಲಿನ ಇಂಥ ಬೀದಿ ತಿಂಡಿಗಳನ್ನು ಕೆಲವೇ ಗೆರೆ, ಆಕಾರಗಳಲ್ಲಿ ಗೋಡೆಗೆ ಹಾಕುವ ಚಿತ್ರ ಮಾಡುವುದೇ ಇವತ್ತಿನ ನಮ್ಮ ಕೆಲಸ.

ಅಲ್ಲಿನ ಜನ ಹೆಸರಿಡುವುದರಲ್ಲಿ ಗಟ್ಟಿಗರು. ಕೋಳಿ ಪಾದಕ್ಕೆ ‘ಅಡಿಡಾಸ್’, ಹಂದಿ ಕಿವಿಗೆ ‘ವಾಕ್‌ಮನ್’, ಕೋಳಿ ತಲೆಗೆ ‘ಹೆಲ್ಮೆಟ್’. ಇವು ತಮಾಷೆಗೆ ಇಟ್ಟವು, ಬಿಡಿ. ಚಿತ್ರ ಬರೆಯುವವರಿಗೆ ಬೇಕಾದದ್ದು ಆಕಾರ ನೋಡಿ ಇಟ್ಟ ಹೆಸರುಗಳು. ‘ಇಸಾವ್’ ಅಂತ ಒಂದಿದೆ. ಕರುಳನ್ನು ಚೆನ್ನಾಗಿ ತೊಳೆದು, ಬೇಯಿಸಿ, ಹಾವಿನ ಹಾಗೆ ಬಳುಕಿಸಿ ಕಡ್ಡಿಗೆ ಪೋಣಿಸಿ ಸುಡುವುದು. ಅದರ ಬಳುಕು ನೋಡಿ ಕೆಲವರು ‘ಐಯುಡಿ’ ಅನ್ನುತ್ತಾರೆ. ಹೌದು, ಗರ್ಭ ನಿಲ್ಲದಿರಲಿ ಅಂತ ಹೆಂಗಸರು ಹಾಕಿಸಿಕೊಳ್ಳುವ ಅದೇ ಸಾಧನ! ರುಚಿ, ವಾಸನೆ, ಹೊಗೆ ಎಲ್ಲ ಬಿಟ್ಟು ಆಕಾರ ಒಂದನ್ನೇ ಹಿಡಿದಿದ್ದಾರೆ. ನಮ್ಮ ಅರ್ಧ ಕೆಲಸವನ್ನು ಬೀದಿಯವರೇ ಮುಗಿಸಿಕೊಟ್ಟಿದ್ದಾರೆ, ಅಲ್ವಾ?

ಉಳಿದ ಅರ್ಧದಲ್ಲಿ ನಾನು ಎಡವಿದ್ದು ಹೇಳುತ್ತೇನೆ.

‘ಕ್ವೆಕ್-ಕ್ವೆಕ್’ ನನಗೆ ತುಂಬಾ ಇಷ್ಟ. ಬೇಯಿಸಿದ ಕ್ವೇಲ್ ಹಕ್ಕಿಯ ಮೊಟ್ಟೆಯನ್ನು ಕಿತ್ತಳೆ ಬಣ್ಣದ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಒಂಥರಾ ಮೊಟ್ಟೆ ಬೋಂಡಾ, ವಿನೆಗರ್ ಜೊತೆ ತಿನ್ನುತ್ತಾರೆ. ಎ3 ಹಾಳೆಯ ನಟ್ಟನಡುವೆ ಒಂದು ಕಿತ್ತಳೆ ವೃತ್ತ ಅಂಟಿಸಿದೆ. ಮನೆ ಓನರ್ ಅಜ್ಜಿ ನೋಡಿ, ‘ಸೂರ್ಯನಾ?’ ಅಂದರು. ಕಡ್ಡಿ ಸೇರಿಸಿ ಮೂರು ವೃತ್ತ ಮಾಡಿದೆ. ‘ಮಣಿಸರ ಚೆನ್ನಾಗಿದೆ’ ಅಂದರು. ತಪ್ಪು ಕೈವಾರದ್ದು. ಕೈವಾರ ಹಾಕಿ ಎಳೆದ ವೃತ್ತ ತೀರಾ ನುಣುಪು. ಕರಿದ ಹಿಟ್ಟಿಗೆ ಅಂಥ ಅಂಚು ಎಲ್ಲಿಂದ ಬರಬೇಕು? ಗುರುತು ಹಾಕದೆ ಸುಮ್ನೆ ಕತ್ತರಿಯಲ್ಲಿ ಕತ್ತರಿಸಿದೆ. ಅಲ್ಲಲ್ಲಿ ಮೂಲೆ, ಒಂದು ಕಡೆ ಉಬ್ಬು. ಈ ಸಲ ಅಜ್ಜಿ ವಿನೆಗರ್ ಎಲ್ಲಿ ಅಂತ ಕೇಳಿದರು.

ಇನ್ನು ಕಡ್ಡಿ. ಅಲ್ಲಿ ಬೀದಿ ತಿಂಡಿಗೆ ‘ತುಸೊಕ್-ತುಸೊಕ್’ ಅನ್ನುವ ಮಾತಿದೆ. ತುಸೊಕ್ ಅಂದರೆ ಚುಚ್ಚು. ಮೀನಿನ ಉಂಡೆ ಮಾರುವ ಗಾಡಿಯ ಮುಂದೆ ನಿಂತು, ಬಾಣಲೆಯಲ್ಲಿ ತೇಲುವ ಉಂಡೆಗಳನ್ನು ಗಿರಾಕಿಗಳೇ ಚುಚ್ಚಿ ತೆಗೆದುಕೊಳ್ಳುತ್ತಾರೆ. ಹಾಗಾದರೆ ಕಡ್ಡಿಯ ಆ ತುದಿ ಯಾರ ಕೈಯಲ್ಲಿ? ನಿಮ್ಮ ಕೈಯಲ್ಲಿ. ಅದಕ್ಕೇ ನಾನು ಕಡ್ಡಿಯನ್ನು ಹಾಳೆಯೊಳಗೆ ಮುಗಿಸುವುದಿಲ್ಲ. ಕೆಳಗಿನ ಅಂಚು ದಾಟಿ ಹೊರಗೆ ಹೋಗಲು ಬಿಡುತ್ತೇನೆ, ಸ್ವಲ್ಪ ಓರೆಯಾಗಿ.

ಕಡ್ಡಿ ಇಲ್ಲದ ತಿಂಡಿಯೂ ಇದೆ. ಬೆಳಿಗ್ಗೆ ಬೀದಿಯಲ್ಲಿ ‘ತಾಹೋ’ ಅಂತ ಉದ್ದಕ್ಕೆ ಕೂಗುತ್ತಾ ಬರುತ್ತಾರೆ. ಸೋಯಾ ಹಾಲಿನಿಂದ ಮಾಡಿದ ಬಿಸಿ ಬಿಸಿ ಮೆತ್ತನೆ ತೋಫು, ಮೇಲೆ ಸಕ್ಕರೆ ಪಾಕ, ಸಬ್ಬಕ್ಕಿ. ಲೋಟ ಬರೆದರೆ ಯಾರೂ ಗುರುತಿಸುವುದಿಲ್ಲ, ಕೋಲ್ಡ್ ಕಾಫಿ ಅಂದುಕೊಳ್ಳುತ್ತಾರೆ. ಮಾರುವವರ ಹೆಗಲ ಮೇಲಿನ ಅಡ್ಡೆ ಬರೆಯಿರಿ. ಒಂದು ಗೆರೆ, ಎರಡು ತುದಿಗೆ ಎರಡು ಅಲ್ಯೂಮಿನಿಯಂ ಡಬ್ಬ. ಇಲ್ಲೂ ನಾನು ಎಡವಿದೆ. ಎರಡನ್ನೂ ಒಂದೇ ಅಳತೆಯಲ್ಲಿ ಬರೆದೆ, ಕೋರ್ಟಿನ ತಕ್ಕಡಿ ಆಯಿತು! ನಿಜದಲ್ಲಿ ತೋಫುವಿನ ಡಬ್ಬ ದೊಡ್ಡದು, ಪಾಕ ಮತ್ತು ಸಬ್ಬಕ್ಕಿಯದು ಚಿಕ್ಕದು. ಹಾಗಾಗಿ ಹೆಗಲು ಅಡ್ಡೆಯ ನಡುವೆ ಇರುವುದಿಲ್ಲ, ಭಾರದ ಕಡೆಗೆ ಸರಿದಿರುತ್ತದೆ. ಹೆಗಲಿನ ಜಾಗಕ್ಕೆ ಒಂದು ಚುಕ್ಕೆ ಇಟ್ಟೆ. ಅಷ್ಟೇ. ಮನುಷ್ಯನನ್ನು ಬರೆಯಲೇ ಬೇಕಾಗಲಿಲ್ಲ.

ಬೀದಿಯನ್ನು ಕೆಲವೇ ಗೆರೆಗೆ ಇಳಿಸುವುದು ಆ ದೇಶದಲ್ಲಿ ಹೊಸದಲ್ಲ. ಅರ್ತುರೊ ಲುಜ್ ಅಂತ ದೊಡ್ಡ ಕಲಾವಿದರಿದ್ದರು, 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಸೈಕಲ್ ಸವಾರರನ್ನು, ವಾದ್ಯ ನುಡಿಸುವವರನ್ನು ಬರೀ ಗೆರೆಗಳಲ್ಲಿ ನಿಲ್ಲಿಸಿದವರು. 1997ರಲ್ಲಿ ಅಲ್ಲಿನ ರಾಷ್ಟ್ರೀಯ ಕಲಾವಿದ ಗೌರವ ಅವರಿಗೆ ಬಂತು. ಪುರುಸೊತ್ತಾದಾಗ ಅವರ ಚಿತ್ರ ಹುಡುಕಿ ನೋಡಿ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಹಾಳೆಗೆ ಎರಡು ಬಣ್ಣ ಸಾಕು. ಕ್ರಿಸ್‌ಮಸ್ ಹೊತ್ತಿನ ‘ಪುತೊ ಬುಂಬೊಂಗ್’ ಬರೆಯುವುದಾದರೆ ನೇರಳೆ ಬೇಕು. ಅದು ಬಿದಿರು ಕೊಳವೆಯಲ್ಲಿ ಬೇಯಿಸುವ ಅಕ್ಕಿ ತಿಂಡಿ, ನೋಡಿದರೆ ಪುಟ್ಟು ನೆನಪಾಗುತ್ತದೆ. ಗೋಡೆಗೆ ಹಾಕುವಾಗ ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಎತ್ತರದಲ್ಲಿರಲಿ. ಮತ್ತೆ, ದಯವಿಟ್ಟು ಕೆಳಗೆ ತಿಂಡಿಯ ಹೆಸರು ಬರೆಯಬೇಡಿ. ಹೆಸರು ಬೇಕಾಯಿತು ಅಂದರೆ ಚಿತ್ರ ಇನ್ನೂ ಆಗಿಲ್ಲ.

ಸರಿ, ಮೇಜಿನ ಮೇಲೆ ಕಿತ್ತಳೆ ಕಾಗದ ಇದೆ, ಕತ್ತರಿ ಇದೆ. ಒಬ್ಬೊಬ್ಬರು ಮೂರು ಮೊಟ್ಟೆ ಕತ್ತರಿಸಿ. ಕೈವಾರ ಬ್ಯಾಗಲ್ಲೇ ಇರಲಿ.