ಪೆಕಾನ್ ಬೀಜ ಮತ್ತು ನಮ್ಮ ಊಟ

ಕೇಳುಗರೆಲ್ಲರಿಗೂ ನಮಸ್ಕಾರ. ಗೋಕಾಕ ಮತ್ತು ಅಮೀನಗಡದ ಕರದಂಟು, ವಿಜಯಪುರದ ಒಣದ್ರಾಕ್ಷಿ, ಮನೆಮನೆಯ ಶೇಂಗಾ ಹಿಂಡಿ ಇವುಗಳ ನಡುವೆ ಬೆಳೆದ ನಮಗೆ ಬೀಜಗಳ ರುಚಿಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೂ ಗೋಡಂಬಿ, ಬಾದಾಮಿ, ಅಕ್ರೋಟ್‌ಗಳ ಪಕ್ಕದಲ್ಲಿ ಈಚೆಗೆ ಪೆಕಾನ್ ಎಂಬ ಬೀಜವೂ ಮಾರಾಟಕ್ಕೆ ಬರತೊಡಗಿದೆ. ಬೆಲೆಯಂತೂ ಬಾದಾಮಿಗಿಂತ ಸಾಕಷ್ಟು ಹೆಚ್ಚು. ಅಷ್ಟು ಹಣ ಕೊಟ್ಟು ತಿನ್ನುವಂಥದ್ದು ಅದರಲ್ಲಿ ಏನಿದೆ, ತಿನ್ನುವುದಾದರೆ ಹೇಗೆ ತಿನ್ನಬೇಕು ಎಂಬುದನ್ನು ಇಂದು ವಿಚಾರ ಮಾಡೋಣ.

ಪೆಕಾನ್ ಅಕ್ರೋಟ್‌ನ ಕುಟುಂಬಕ್ಕೆ ಸೇರಿದ ಮರ. ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು, ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೊ ಅದರ ತವರು. ಕಾಡಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ಮರವನ್ನು ತೋಟಕ್ಕೆ ತಂದವರಲ್ಲಿ ಲೂಸಿಯಾನದ ಆಂಟ್ವಾನ್ ಎಂಬ ಗುಲಾಮ ತೋಟಗಾರನ ಹೆಸರು ಮೊದಲಿಗೆ ಬರುತ್ತದೆ. 1840ರ ದಶಕದಲ್ಲಿ ಆತ ತೆಳು ಓಡಿನ ಒಳ್ಳೆಯ ತಳಿಯೊಂದನ್ನು ಕಸಿ ಕಟ್ಟಿ ಬೆಳೆಸಿದ.

ಓಡು ಒಡೆದ ಕಾಯಿಯೊಳಗೆ ಹೊಂಬಣ್ಣದ ಎರಡು ಉದ್ದನೆಯ ಹೋಳುಗಳಿರುತ್ತವೆ. ಹೋಳಿನ ಮೇಲಿನ ಗೀರುಗಳ ಸಂದಿಯಲ್ಲಿ ಕೆಲವೊಮ್ಮೆ ಬೆಂಡಿನಂಥ ಕಂದು ಚೂರು ಸಿಕ್ಕಿಕೊಂಡಿರುತ್ತದೆ; ಅದು ಬಲು ಒಗರು, ಉಗುರಿನಿಂದ ತೆಗೆದು ಹಾಕಬೇಕು. ಆದರೆ ಹೋಳಿನ ಮೈಗಂಟಿದ ತೆಳು ಸಿಪ್ಪೆಯನ್ನು ಸುಲಿಯಬಾರದು, ಏಕೆಂದರೆ ಎಲಾಜಿಕ್ ಆಮ್ಲ, ಟ್ಯಾನಿನ್ ಮುಂತಾದ ಉತ್ಕರ್ಷಣ ನಿರೋಧಕಗಳು, ಅಂದರೆ ಜೀವಕೋಶಗಳ ಹಾನಿಯನ್ನು ತಡೆಯುವ ವಸ್ತುಗಳು, ಬಹುಪಾಲು ಇರುವುದು ಅದರಲ್ಲಿಯೇ.

ಇನ್ನು ಪೋಷಕಾಂಶದ ಲೆಕ್ಕ. 100 ಗ್ರಾಂ ಪೆಕಾನ್‌ನಲ್ಲಿ ಸುಮಾರು 690 ಕಿಲೊಕ್ಯಾಲರಿ ಶಕ್ತಿ ಇದ್ದು, 72 ಗ್ರಾಂನಷ್ಟು ಬರೀ ಕೊಬ್ಬು. ಈ ಅಂಕಿ ಕೇಳಿ ಹೆದರುವ ಮೊದಲು ಆ ಕೊಬ್ಬಿನ ಜಾತಿಯನ್ನು ನೋಡಬೇಕು: ಅದರಲ್ಲಿ ಸುಮಾರು 40 ಗ್ರಾಂ ಏಕ ಅಪರ್ಯಾಪ್ತ, 21 ಗ್ರಾಂ ಬಹು ಅಪರ್ಯಾಪ್ತ (ಎರಡೂ ಎಣ್ಣೆಯಂತೆ ದ್ರವವಾಗಿರುವ ಕೊಬ್ಬು), 6 ಗ್ರಾಂ ಮಾತ್ರ ಗಟ್ಟಿಯಾಗುವ ಪರ್ಯಾಪ್ತ ಕೊಬ್ಬು. ತುಪ್ಪ, ಡಾಲ್ಡಾಗಳಲ್ಲಿರುವ ಪರ್ಯಾಪ್ತ ಕೊಬ್ಬು ಹೆಚ್ಚಾದಾಗ, ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಸೆಳೆದು ತೆಗೆಯುವ ಯಕೃತ್ತಿನ ಶಕ್ತಿ ಕುಂದುತ್ತದೆ. ಅದರ ಜಾಗಕ್ಕೆ ಅಪರ್ಯಾಪ್ತ ಕೊಬ್ಬು ಬಂದರೆ ಆ ಕೆಲಸ ಮತ್ತೆ ಚುರುಕಾಗುತ್ತದೆ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯಕ್ಕೆ ಹಿತವೆಂದು ಆಗಲೇ ಒಪ್ಪಿದ್ದ ಆಹಾರಕ್ರಮಕ್ಕಿಂತ ಪೆಕಾನ್ ಸೇರಿಸಿದ ಆಹಾರದಿಂದ ಎಲ್‌ಡಿಎಲ್ ಶೇ 10ರಷ್ಟು ಹೆಚ್ಚು ಇಳಿದಿತ್ತು. ಆದರೆ ಅಲ್ಲಿ ಭಾಗವಹಿಸಿದವರು 23 ಜನ ಮಾತ್ರ. ಇಂಥ ಅಧ್ಯಯನಗಳಲ್ಲಿ ಕೆಲವಕ್ಕೆ ಪೆಕಾನ್ ಬೆಳೆಗಾರರ ಸಂಸ್ಥೆಗಳೇ ಹಣ ಒದಗಿಸಿವೆ ಎಂಬುದೂ ಕೇಳುಗರ ಗಮನದಲ್ಲಿರಲಿ.

28 ಗ್ರಾಂ, ಅಂದರೆ ಇಪ್ಪತ್ತರಷ್ಟು ಹೋಳು ತಿಂದರೆ ದಿನಕ್ಕೆ ಬೇಕಾದ ಮ್ಯಾಂಗನೀಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ತಾಮ್ರ, ಸತು ಮತ್ತು ಬಿ1 ಜೀವಸತ್ವವೂ ತಕ್ಕಮಟ್ಟಿಗೆ ಇವೆ. ಸಕ್ಕರೆಯ ಅಂಶ ತೀರ ಕಡಿಮೆ, ನಾರು ಹೆಚ್ಚು. ಆದ್ದರಿಂದ ಮಧುಮೇಹ ಇರುವವರಿಗೂ ಒಗ್ಗುವ ತಿನಿಸು.

ಆದರೆ ಪ್ರೋಟೀನಿಗಾಗಿ ಪೆಕಾನ್ ಕೊಳ್ಳುವುದು ದುಡ್ಡು ದಂಡ. 100 ಗ್ರಾಂ ಪೆಕಾನ್‌ನಲ್ಲಿ ಇರುವುದು 9 ಗ್ರಾಂ ಪ್ರೋಟೀನ್, ಶೇಂಗಾದಲ್ಲಿ ಸುಮಾರು 25 ಗ್ರಾಂ. ಒಮೆಗಾ-3 ಎಂಬ ಹೃದಯಕ್ಕೆ ಹಿತವಾದ ಕೊಬ್ಬಿನ ಮಾತಿಗೆ ಬಂದರೆ ಪೆಕಾನ್‌ನಲ್ಲಿ ಅದು 1 ಗ್ರಾಂ, ನಮ್ಮ ಅಗಸಿಯಲ್ಲಿ 22 ಗ್ರಾಂಗೂ ಮೇಲು. ರೊಟ್ಟಿಯೊಡನೆ ದಿನವೂ ಶೇಂಗಾ ಹಿಂಡಿ, ಅಗಸಿ ಹಿಂಡಿ ತಿನ್ನುವ ಮನೆಯವರು ಪೆಕಾನ್ ಸಿಗಲಿಲ್ಲವೆಂದು ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ ಎಂದು ನನ್ನ ಅಭಿಪ್ರಾಯ.

ಕೊಳ್ಳುವ ಅನುಕೂಲ ಇರುವವರು ಅದನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನದೆ, ಬೇರೊಂದು ತಿನಿಸಿನ ಬದಲಿಗೆ ತಿನ್ನಬೇಕು. ಸಂಜೆಯ ಮಿರ್ಚಿ ಭಜಿಯ ಜಾಗದಲ್ಲಿ ಒಂದು ಹಿಡಿ ಪೆಕಾನ್ ಬಂದರೆ ಲಾಭ. ಭಜಿಯೂ ಇರಲಿ, ಪೆಕಾನೂ ಇರಲಿ ಎಂದರೆ ಹೊಟ್ಟೆಯ ಸುತ್ತಳತೆಗಷ್ಟೇ ಲಾಭ. ಬೆಲ್ಲದ ಪಾಕದ ಕರದಂಟಿಗೆ ನಾಲ್ಕು ಪೆಕಾನ್ ಸೇರಿಸಿದ ಮಾತ್ರಕ್ಕೆ ಅದು ಪಥ್ಯದ ಆಹಾರವಾಗುವುದಿಲ್ಲ. ಉಪ್ಪು, ಸಕ್ಕರೆ ಲೇಪಿಸಿದ ಪೊಟ್ಟಣಗಳನ್ನೂ ಬಿಡುವುದು ಲೇಸು.

ಎಣ್ಣೆಯ ಅಂಶ ಇಷ್ಟಿರುವುದರಿಂದ ಈ ಬೀಜ ಬೇಗ ಕಮಟು ಹಿಡಿಯುತ್ತದೆ. ಬಿಸಿಲು 40 ಡಿಗ್ರಿ ದಾಟುವ ಬಾಗಲಕೋಟೆ, ವಿಜಯಪುರಗಳ ಬೇಸಿಗೆಯಲ್ಲಿ ಅಡುಗೆಮನೆಯ ಡಬ್ಬಿ ಇದಕ್ಕೆ ತಕ್ಕ ಜಾಗವಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು. ಹಳೆಯ ಎಣ್ಣೆಯ ವಾಸನೆ, ಕಹಿ ರುಚಿ ಬಂದ ಹೋಳುಗಳನ್ನು ಬೆಲೆಯ ಮುಖ ನೋಡದೆ ಎಸೆಯಬೇಕು.

ಅಕ್ರೋಟ್ ತಿಂದರೆ ಮೈ ಮೇಲೆ ಗಂಧೆ ಏಳುವವರು, ತುಟಿ ಬಾಯುವವರು ಪೆಕಾನ್ ತಿನ್ನಲೇಬಾರದು. ಎರಡೂ ಒಂದೇ ಕುಟುಂಬದವಾದ್ದರಿಂದ ಒಂದರ ಅಲರ್ಜಿ ಇನ್ನೊಂದಕ್ಕೂ ತಗಲುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಇಡೀ ಹೋಳು ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ಕೊಡುವುದಾದರೆ ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡಬೇಕು.